ಹನೋಯ್‌ನಲ್ಲಿ ಕಾಚಂಪುಳಿ

ಭಾನುವಾರ ಮಾದಾಪುರದಲ್ಲಿ ನೆಂಟರ ಮನೆ ನಾಮಕರಣ. ಊಟಕ್ಕೆ ಕೂತದ್ದೇ ತಡ, ಚಿಕ್ಕಪ್ಪ ವಿಯೆಟ್ನಾಂ ಕಥೆ ತೆಗೆದರು. ಟೂರಿನಿಂದ ಬಂದು ಇನ್ನೂ ಬಟ್ಟೆ ಒಗೆದು ಮುಗಿದಿಲ್ಲ, ಕಥೆ ಮಾತ್ರ ದಿನದಿನಕ್ಕೆ ಬೆಳೀತಾ ಇದೆ. ಮೊದಲ ಸಲ ಹೇಳಿದಾಗ ಹೋಟೆಲಿನ ಹೆಂಗಸು ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿಯ ಬಾಟಲಿ ಮೂಸಿ ನೋಡಿದ್ದಳು, ಅಷ್ಟೇ. ಭಾನುವಾರದ ಹೊತ್ತಿಗೆ ಇಡೀ ಬೀದಿ ಬಂದು ಸಾಲು ನಿಂತಿತ್ತು.

ಚಿಕ್ಕಪ್ಪನಿಗೆ ಒಂದು ಮಾತು ಬಾಯಿಪಾಠ. "ನಾವು ಕೊಡಗಿನವರು, ಏನು ಬೇಕಾದ್ರೂ ತಿನ್ತೀವಿ." ಏನು ಬೇಕಾದ್ರೂ ಅಂದರೆ ಪಂದಿಕರಿ, ಕಡಂಬುಟ್ಟು, ಕೋಳಿಸಾರು, ಹೊಳೆ ಏಡಿ. ಅದೂ ಚಿಕ್ಕಮ್ಮ ಮಾಡಿದ್ದಾದರೆ. ಹನೋಯ್‌ನಲ್ಲಿ ಮೊದಲ ಬೆಳಿಗ್ಗೆಯೇ ಬಣ್ಣ ಬಯಲಾಯ್ತು. ಅಲ್ಲಿ ತಿಂಡಿಗೆ ಫೋ. ದೊಡ್ಡ ಬಟ್ಟಲಿನಲ್ಲಿ ತಿಳಿ ಕೋಳಿಸಾರು, ಅದರಲ್ಲಿ ಅಕ್ಕಿಯ ಅಗಲ ಶ್ಯಾವಿಗೆ, ಮೇಲೆ ಹಸಿ ಸೊಪ್ಪು. ನನ್ನ ಮಗಳು ಸೊರ್ ಅಂತ ಕುಡಿದು ಇನ್ನೊಂದು ಕೇಳಿದಳು. ಚಿಕ್ಕಪ್ಪ ಚಮಚದಲ್ಲಿ ಕಲಕಿ ಕಲಕಿ, "ಇದು ಜ್ವರ ಬಂದವರಿಗೆ ಕೊಡೋದು" ಅಂದರು. ರಾತ್ರಿ ರೂಮಿನಲ್ಲಿ ಚಕ್ಕುಲಿ ಮುರಿಯುವ ಸದ್ದು ಗೋಡೆ ದಾಟಿ ನಮಗೂ ಕೇಳಿಸಿತು.

ಪರದಾಡುತ್ತಾರೆ ಅಂತ ನಾವೆಲ್ಲ ಹೆದರಿದ್ದು ಚಿಕ್ಕಮ್ಮನ ಬಗ್ಗೆ. ಸೋಮವಾರ ಅವರು ಮಾಂಸ ಮೀನು ಮುಟ್ಟುವುದಿಲ್ಲ. ಆ ಸೋಮವಾರ ಸಿಕ್ಕಿದ್ದು ಬಾತುಕೋಳಿ ಸಾರು. ಒಮ್ಮೆ ಮೂಸಿದರು. "ಕಣಿಲೆ ಹಾಕಿದ್ದಾರೆ ಕಣೇ!" ನಿಜ, ಒಳಗೆ ಬಿದಿರಿನ ಕಣಿಲೆ. ಅದು ಹೊಟ್ಟೆಗೆ ಹೋಗಲಿ, ಬಾತು ಪಕ್ಕಕ್ಕಿರಲಿ ಅಂತ ತೀರ್ಮಾನ ಮಾಡಿಬಿಟ್ಟರು. ಅದ್ದಿಕೊಳ್ಳುವ ತಿಳಿಕಂದು ನೀರು ಬಹಳ ರುಚಿ ಅಂತ ಮತ್ತೆ ಮತ್ತೆ ಹಾಕಿಸಿಕೊಂಡರು. ಅದು ನುಕ್ ಮಾಮ್, ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುಳಿ ಹಿಡಿಸಿ ಇಳಿಸಿದ ರಸ. ನನ್ನ ಗಂಡ ಸುಮ್ಮನಿರದೆ ಹೇಳಿಯೇಬಿಟ್ಟ. ಚಿಕ್ಕಮ್ಮ ಬಟ್ಟಲು ಕೆಳಗಿಡಲಿಲ್ಲ. "ಮೀನು ಕಣ್ಣಿಗೆ ಕಂಡ್ರೆ ತಾನೇ?" ಅಂದರು. ನಮ್ಮ ಮನೆಯಲ್ಲಿ ಅತಿ ಸಲೀಸಾಗಿ ಬದುಕುವವರು ಅವರೇ, ನನಗೆ ಮುಂಚಿನಿಂದಲೂ ಅನುಮಾನವಿತ್ತು.

ಈಗ ಆ ಕಾಚಂಪುಳಿ. ಹಳೆ ಪೇಟೆಯ ಒಂದು ಗಲ್ಲಿಯಲ್ಲಿ ಬುನ್ ಚಾ ತಿನ್ನಲು ಕೂತೆವು. ಕೆಂಡದ ಮೇಲೆ ಸುಟ್ಟ ಹಂದಿ ಮಾಂಸ, ಅದನ್ನು ಸಿಹಿಹುಳಿ ರಸದಲ್ಲಿ ತೇಲಿಸಿರುತ್ತಾರೆ. ಜೊತೆಗೆ ತಣ್ಣಗಿನ ಶ್ಯಾವಿಗೆ, ಥೇಟ್ ನಮ್ಮ ನೂಲ್‌ಪುಟ್ಟು. ಹಂದಿ ಅಂದದ್ದೇ ಚಿಕ್ಕಪ್ಪನ ಮುಖ ಅರಳಿತು. ಬಾಯಿಗಿಟ್ಟದ್ದೇ ಮುದುಡಿತು. "ಹಂದಿಗೆ ಸಕ್ಕರೆ ಹಾಕ್ತಾರಲ್ಲೋ!" ಜೇಬಿನಿಂದ ಸಣ್ಣ ಬಾಟಲಿ ತೆಗೆದು, ಆ ಕಪ್ಪು ಹುಳಿಯನ್ನು ಬಟ್ಟಲಿಗೆ ಬಗ್ಗಿಸಿದರು.

ಹೋಟೆಲಿನ ಹೆಂಗಸು ನೋಡಿಬಿಟ್ಟಳು. ಬೈಯುತ್ತಾಳೆ ಅಂದುಕೊಂಡೆವು. ಬಾಟಲಿ ಇಸಿದುಕೊಂಡು ಮೂಸಿದಳು. ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದಳು. ಒಂದು ಕಣ್ಣು ಮುಚ್ಚಿ, ತಲೆ ಆಡಿಸಿ, ಫೋನು ತೆಗೆದಳು. ಎಲ್ಲಿಯವರು, ಏನು ಕೆಲಸ? ನಾವು ಇಂಡಿಯಾ, ಕಾಫಿ ಬೆಳೆಗಾರರು ಅಂದೆವು. ಅವಳ ತಮ್ಮನದೂ ಅಲ್ಲಿನ ಡಾಕ್ ಲಾಕ್ ಪ್ರಾಂತ್ಯದಲ್ಲಿ ಕಾಫಿ ತೋಟವಂತೆ. ರೊಬಸ್ಟಾ ಜಾತಿ. ಬರದ ವರ್ಷ ಕೆರೆ ಬತ್ತಿ, ಅರ್ಧ ಗಿಡ ಒಣಗಿದವಂತೆ. ಆಮೇಲೆ ಫೋನಿಗೆ ಇನ್ನೇನೋ ಹೇಳಿ ಚಿಕ್ಕಪ್ಪನ ಮುಂದೆ ಹಿಡಿದಳು. ಫೋನು ಕನ್ನಡದಲ್ಲಿ ಕೇಳಿತು:

"ಆ ವರ್ಷ ನಿಮ್ಮಲ್ಲಿ ಮಳೆ ಬಂತಾ?"

ಚಿಕ್ಕಪ್ಪ ಅಗಿಯುವುದು ನಿಲ್ಲಿಸಿದರು. "ತಡವಾಯ್ತು. ಆದ್ರೆ ಬಂತು" ಅಂದರು. ಅವಳು ಒಳ್ಳೆಯದು ಅನ್ನುವ ಹಾಗೆ ತಲೆಯಾಡಿಸಿ, ಒಂದು ತಟ್ಟೆ ಕರಿದ ಸುರುಳಿ ತಂದಿಟ್ಟಳು. ಕೊನೆಗೆ ಅದಕ್ಕೂ ದುಡ್ಡು ತಗೊಂಡಳು, ಸರಿಯಾಗಿಯೇ.

ಭಾನುವಾರ ಚಿಕ್ಕಪ್ಪ ಬಾಟಲಿ, ಅಂಗೈ, ಮುಚ್ಚಿದ ಕಣ್ಣು ಎಲ್ಲ ಅಭಿನಯಿಸಿ ತೋರಿಸಿದರು. ಮಳೆಯ ಮಾತು ಮಾತ್ರ ಬರಲಿಲ್ಲ. ಚಿಕ್ಕಮ್ಮ ಆಚೆ ಪಂಕ್ತಿಯಿಂದಲೇ, "ಆಯಮ್ಮ ಮಳೆ ಕೇಳಿದ್ದು ಹೇಳಿ" ಅಂದರು. "ಅದರಲ್ಲೇನಿದೆ" ಅಂದವರೇ ಮೊಟ್ಟೆ ಕಾಫಿಗೆ ಹಾರಿದರು. 1946ರಲ್ಲಿ ಹಾಲು ಸಿಗದೆ ಹನೋಯ್‌ನ ಹೋಟೆಲ್ ನೌಕರನೊಬ್ಬ ಮೊಟ್ಟೆಯ ಹಳದಿ ಕಡೆದು ಕಾಫಿಗೆ ಹಾಕಿದ್ದು, ಅದೇ ಈಗ ಅಲ್ಲಿ ದೊಡ್ಡ ಹೆಸರು. "ಕಾಫಿಗೆ ಮೊಟ್ಟೆ!" ಅಂತ ಚಿಕ್ಕಪ್ಪ ಹೇಳಿದಾಗ ಪಂಕ್ತಿಯೆಲ್ಲ ನಕ್ಕಿತು. ಕಪ್ಪು ಖಾಲಿ ಮಾಡಿದ್ದನ್ನು ಅವರು ಹೇಳಲಿಲ್ಲ.

ನನಗೆ ಅವತ್ತಿನಿಂದ ಅದೇ ಮಳೆಯ ಪ್ರಶ್ನೆ ತಲೆಯಲ್ಲಿ. ನಾವಿಲ್ಲಿ ಮಾರ್ಚ್ ಬಂದರೆ ಕೇಳುವುದೂ ಅದನ್ನೇ ಅಲ್ವಾ? ಸುಂಟಿಕೊಪ್ಪ ಸಂತೆಯಲ್ಲಿ ಯಾರು ಸಿಕ್ಕರೂ ಮೊದಲು "ಹೂಮಳೆ ಆಯ್ತಾ?", ಅಂದರೆ ಕಾಫಿ ಹೂ ಅರಳಿಸುವ ಮಳೆ. ಆಮೇಲೆ ಉಳಿದದ್ದು. ಆದರೆ ನಮ್ಮ ಕೇಳುವಿಕೆ ಪಕ್ಕದ ತೋಟಕ್ಕೆ ಮುಗಿಯುತ್ತದೆ. ದೂರದವರ ಮಳೆ ನಮಗೆ ಬರೀ ರೇಟು. ಬ್ರೆಜಿಲ್‌ನಲ್ಲಿ ಹಿಮ ಬಿತ್ತು ಅಂದರೆ ಇಲ್ಲಿ ಮುಖ ಅರಳುತ್ತದೆ. ರೊಬಸ್ಟಾದಲ್ಲಿ ವಿಯೆಟ್ನಾಂ ಪ್ರಪಂಚಕ್ಕೇ ಮೊದಲು. ಅಲ್ಲಿ ಕೆರೆ ಬತ್ತಿದ್ದರಿಂದ ಲಂಡನ್ ಪೇಟೆಯಲ್ಲಿ ರೊಬಸ್ಟಾ ರೇಟು ಏರಿತು. 2024ರಲ್ಲಿ ನಮ್ಮ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, 50 ಕೆ.ಜಿ. ಚೀಲಕ್ಕೆ 10 ಸಾವಿರ ರೂಪಾಯಿ ದಾಟಿತು. ಅಲ್ಲಿವರೆಗೆ ಯಾವತ್ತೂ ಕಾಣದ ರೇಟು. ಚಿಕ್ಕಪ್ಪ ಟೂರಿಗೆ ಹಾಕಿದ್ದು ಅದೇ ದುಡ್ಡು. ಅವಳ ತಮ್ಮನ ಗಿಡ ಒಣಗಿದ್ದಕ್ಕೆ ನಾವು ಅವಳ ಹೋಟೆಲಿನಲ್ಲಿ ಕೂತು ಹಂದಿಗೆ ಸಕ್ಕರೆ ಜಾಸ್ತಿಯಾಯ್ತು ಅಂತ ಗೊಣಗಿದೆವು. ಇದು ಚಿಕ್ಕಪ್ಪನಿಗೆ ಹೊಳೆದಿಲ್ಲ ಅಂತ ನಾನು ನಂಬುವುದಿಲ್ಲ. ಲೆಕ್ಕದಲ್ಲಿ ಅವರು ಚುರುಕು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ತೋಟಗಳೇ ಕೊಚ್ಚಿಹೋದವಲ್ಲ, ಆಗ ಪ್ರಪಂಚದ ರೇಟು ಅಲುಗಲಿಲ್ಲ. ನಾವು ಅಷ್ಟು ದೊಡ್ಡವರಲ್ಲ. ನಮ್ಮ ಗುಡ್ಡ ಬಿದ್ದದ್ದರಿಂದ ಡಾಕ್ ಲಾಕ್‌ನಲ್ಲಿ ಯಾರೂ ಟೂರು ಹೋಗಿರಲಾರರು.

ಇವತ್ತು ಬೆಳಿಗ್ಗೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು, ವಿಯೆಟ್ನಾಂನಲ್ಲಿ ಈ ಸಲ ಮಳೆ ಕಡಿಮೆಯಂತೆ, ಮಾರಬೇಡಿ, ಕಾಯಿರಿ ಅಂತ. ಕೆಳಗೆ ಸಾಲು ಸಾಲು ಹೆಬ್ಬೆಟ್ಟು. ಚಿಕ್ಕಪ್ಪನದೂ ಇದೆ. ಗೋದಾಮಿನಲ್ಲಿ ನಮ್ಮ ಚೀಲಗಳೂ ಇವೆ. ಏನು ಮಾಡೋಣ ಅಂತ ಗಂಡನನ್ನು ಕೇಳಿದೆ. "ಇನ್ನೊಂದು ವಾರ ನೋಡೋಣ" ಅಂದ. ನಾನೂ ಹೂಂ ಅಂದೆ.