ನಳ ಎಲ್ಲಿಗೆ ಹೋಗಿತ್ತು?

ಹೋದ ಭಾನುವಾರ ಅವ್ವನ ಜೊತೆ ವಿಡಿಯೋ ಕಾಲ್‌ನಲ್ಲಿದ್ದೆವು. ಆರು ವರ್ಷದ ಮಗಳು ಬಿದ್ದ ಹಲ್ಲು ತೋರಿಸುತ್ತಿದ್ದಳು. ಅಷ್ಟರಲ್ಲಿ ಆ ಕಡೆ ಓಣಿಯಲ್ಲಿ ಯಾರೋ ಕೂಗಿದರು. "ತಡೀ ಬಂಗಾರಿ, ನಳ ಬಂತು, ಆಮ್ಯಾಲೆ ಮಾತಾಡ್ತೀನಿ" ಅಂದವಳೇ ಅವ್ವ ಫೋನನ್ನು ಹಾಗೇ ಇಟ್ಟು ಓಡಿದಳು. ನಮಗೆ ಕಂಡದ್ದು ಬರೀ ತಿರುಗುವ ಫ್ಯಾನು. ಕೊಡಗಳ ಸದ್ದು, ಮೋಟರ್ ಸದ್ದು.

ಮಗಳು ನನ್ನ ಮುಖ ನೋಡಿದಳು. "ಅಪ್ಪಾ, ನಳ ಎಲ್ಲಿಗೆ ಹೋಗಿತ್ತು?"

ಜೋರಾಗಿ ನಕ್ಕೆ. ಆಮೇಲೆ ಉತ್ತರ ಹೇಳಲು ಹೋದರೆ ಬಾಯೇ ಬರಲಿಲ್ಲ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಹುಡುಗಿ ಅವಳು. ಅವಳ ಲೆಕ್ಕದಲ್ಲಿ ನಳ ಗೋಡೆಯಲ್ಲಿರುತ್ತದೆ, ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇಲ್ಲಿನ ನಳದ ನೀರಿಗೆ ಕ್ಲೋರಿನ್ ಕೂಡ ಹಾಕುವುದಿಲ್ಲ, ನೇರ ಲೋಟಕ್ಕೆ ಹಿಡಿದು ಕುಡಿಯುತ್ತಾರೆ. ಬಂದ ಹೊಸತರಲ್ಲಿ ನಾನು ಒಂದು ತಿಂಗಳು ಕಾಯಿಸಿ ಆರಿಸಿ ಕುಡಿದೆ, ಅದು ಬೇರೆ ಮಾತು.

ನಮ್ಮ ರಾಯಚೂರು ಎಂಥಾ ಊರು ನೋಡಿ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ಹಳೆಯವರು ಇದಕ್ಕೆ ಎಡದೊರೆ ನಾಡು ಅನ್ನುತ್ತಿದ್ದರು, ಎರಡು ಹೊಳೆಗಳ ನಡುವಿನ ನಾಡು. ಅಂಥಾ ಊರಲ್ಲಿ ನೀರು ಬಂತು ಅಂದರೆ ಸುದ್ದಿ. 2022ರ ಬೇಸಿಗೆಯಲ್ಲಂತೂ ಬಂದ ನೀರೇ ಕೆಟ್ಟು, ಅದನ್ನು ಕುಡಿದು ಜನ ಸತ್ತರು. ಆ ವಾರ ಇಲ್ಲಿ ಕೂತು ದಿನಕ್ಕೆ ಮೂರು ಸಲ ಫೋನ್ ಮಾಡಿ ಕಾಸಿ ಕುಡಿ, ಕಾಸಿ ಕುಡಿ ಅಂತ ಹೇಳಿದ್ದೊಂದೇ ನನ್ನ ಸಾಧನೆ.

ಎರಡು ವರ್ಷದ ಹಿಂದೆ ಅವ್ವ ಇಲ್ಲಿಗೆ ಬಂದಿದ್ದಳು. ದಿನಾ ರಾತ್ರಿ ಮಲಗುವ ಮುಂಚೆ ಅಡುಗೆಮನೆಯ ಅಷ್ಟೂ ಪಾತ್ರೆ ತುಂಬಿಸಿ ತಟ್ಟೆ ಮುಚ್ಚಿಡುತ್ತಿದ್ದಳು. ಬೇಡವ್ವಾ ಅಂದರೆ "ನಾಳೆ ಬರ್ತಾವೋ ಇಲ್ಲೋ" ಅನ್ನುತ್ತಿದ್ದಳು. ಪಕ್ಕದ ಮನೆಯ ಅಜ್ಜಿ ಇದನ್ನು ನೋಡಿದರು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಅವರು ಇಲ್ಲಿಯದೇ ಸಮುದ್ರದಂಚಿನ ಝೀಲ್ಯಾಂಡ್ ಪ್ರಾಂತ್ಯದ ಕಡೆಯವರು. 1953ರ ಫೆಬ್ರವರಿ 1ರ ಪ್ರವಾಹದಲ್ಲಿ ಇನ್ನೂ ಮಗುವಂತೆ. ಆ ಪ್ರವಾಹದಲ್ಲಿ ಈ ದೇಶದ 1836 ಜನ ಸತ್ತರು. ನಾನು ಇವತ್ತಿಗೂ ಒಂದು ಜೊತೆ ಬೂಟು ಮಹಡಿ ಮೇಲೆ ಇಡುತ್ತೇನೆ ಅಂದರು, ಅಷ್ಟೇ.

ಆ ಪ್ರವಾಹ ಆದಮೇಲೆ ಇವರು ದಶಕಗಟ್ಟಲೆ ಒಡ್ಡು, ಗೇಟು ಕಟ್ಟುತ್ತಲೇ ಹೋದರು. ರಾಟರ್‌ಡ್ಯಾಮ್ ಕಾಯುವ ದೊಡ್ಡ ಗೇಟು ಮುಗಿದದ್ದು 1997ರಲ್ಲಿ. ನಮ್ಮ ತುಂಗಭದ್ರಾ ಅಣೆಕಟ್ಟು ಮುಗಿದದ್ದೂ ಅದೇ 1953ರಲ್ಲಿ. ಅದರ 19ನೇ ಗೇಟು 2024ರ ಆಗಸ್ಟ್‌ನಲ್ಲಿ ಕಿತ್ತುಕೊಂಡು ಹೋಯಿತು. ಇಲ್ಲಿ ನೀರು ನೋಡಿಕೊಳ್ಳಲೆಂದೇ 21 ಮಂಡಳಿಗಳಿವೆ, ಇಂಥವು 13ನೇ ಶತಮಾನದಿಂದಲೂ ಇದ್ದವಂತೆ. ಅವಕ್ಕೆ ಬೇರೆ ತೆರಿಗೆ, ಬೇರೆ ಚುನಾವಣೆ. ಸಂಸತ್ತಿಗೆ ವೋಟು ಹಾಕುವ ಹಕ್ಕು ನನಗಿಲ್ಲ, ನಾನಿನ್ನೂ ಭಾರತದ ಪಾಸ್‌ಪೋರ್ಟಿನವನು. ನೀರಿಗೆ ಮಾತ್ರ ಇದೆ! 2023ರಲ್ಲಿ ಚೀಟಿ ಹಿಡಿದು ಹೋಗಿ ಹಾಕಿ ಬಂದೆ. ತೆರಿಗೆ ಬಿಲ್ ಬಂದಾಗ ಬೈಕೊಳ್ಳುತ್ತೇನೆ ಅನ್ನಿ.

ಅವ್ವನಿಗಾಗಿ ನಾನು ಮಾಡಿದ್ದೇನು? ದುಡ್ಡು ಕಳಿಸಿ ಸಂಪು ಕಟ್ಟಿಸಿದೆ, ಮೋಟರ್ ಹಾಕಿಸಿದೆ. ನಮ್ಮ ಮೋಟರ್ ಎಳೆದರೆ ಓಣಿಯ ತುದಿ ಮನೆಗಳಿಗೆ ನೀರು ಏರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನವರು ಎಳೆದುಕೊಂಡು ಮಾನ್ವಿ, ರಾಯಚೂರಿನ ಕೊನೇ ಭಾಗಕ್ಕೆ ನೀರು ಮುಟ್ಟುವುದಿಲ್ಲ ಅಂತ ಊರಿಗೆ ಹೋದಾಗೆಲ್ಲ ಗೆಳೆಯರ ಜೊತೆ ವಾದ ಮಾಡುವವನೂ ನಾನೇ.

ಊರು ನೆನೆದು ಬರೆಯುವಾಗ ನಾವೆಲ್ಲ ನಳದ ಪಾಳಿಯ ಬಗ್ಗೆ ಚೆಂದ ಬರೆಯುತ್ತೇವೆ. ಹೆಂಗಸರ ಜಗಳ, ಹರಟೆ, ಇಡೀ ಓಣಿಯ ಸುದ್ದಿ ಅಲ್ಲೇ. ಇಲ್ಲಿ ಯಾರೂ ಯಾರ ಬಾಗಿಲೂ ಬಡಿಯಲ್ಲ ಅಂತ ಕೊರಗುತ್ತೇವೆ, ಅದೂ ನಿಜವೇ. ಆದರೆ ನಸುಕಿನ ನಾಲ್ಕಕ್ಕೆ ಎದ್ದು ಕೊಡ ಹಿಡಿದು ನಿಂತವಳು ಅವ್ವ. ನಾವು ಮೂವರು ಗಂಡುಮಕ್ಕಳು ಚಾಪೆ ಮೇಲೆ ಮಗ್ಗುಲು ಬದಲಿಸುತ್ತಿದ್ದೆವು. ಪರೀಕ್ಷೆ ಇದೆ, ಮಲಗಲಿ ಅನ್ನುತ್ತಿದ್ದಳು. ಪರೀಕ್ಷೆ ಇಲ್ಲದ ದಿನವೂ ಎದ್ದ ನೆನಪು ನನಗಿಲ್ಲ.

ನಿನ್ನೆ ಮಗಳು ಫೋನ್ ಕಸಿದುಕೊಂಡು ತಾನೇ ಕೇಳಿದಳು. "ಅಜ್ಜಿ, ನಿನ್ನ ನಳ ಬಂತಾ?"

"ಇಲ್ಲ ಬಂಗಾರಿ, ನಾಳೆ ನಸುಕಿನ್ಯಾಗ ನಾಕಕ್ಕ ಬರ್ತೈತಂತ."

ಅಲ್ಲಿ ನಾಲ್ಕು ಅಂದರೆ ಇಲ್ಲಿ ಬೇಸಿಗೆಯಲ್ಲಿ ರಾತ್ರಿ ಹನ್ನೆರಡೂವರೆ. ನಾನು ಎದ್ದೇ ಇದ್ದೆ. ಫೋನ್ ಮಾಡೋಣ ಅಂದುಕೊಂಡೆ. ಎರಡೂ ಕೈಯಲ್ಲಿ ಕೊಡ ಇರುತ್ತದೆ, ಎತ್ತುವುದು ಹೇಗೆ ಅಂತ ಸುಮ್ಮನಾದೆ.