ಗಾಜಿನ ಮೇಲೆ ಐವತ್ತು ಹಾಳೆ

ಕೊನೆಯ ವರ್ಷದ ವಿಡಿಯೋ ಪ್ರಾಜೆಕ್ಟಿಗೆ ನಾವು ನಾಲ್ವರು ಆರಿಸಿಕೊಂಡದ್ದು ಮಿಣುಕುಹುಳುಗಳನ್ನು. ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದ ಮೇಲೆ ತೀರ್ಥಹಳ್ಳಿ ಕಡೆಯ ತೋಟಗಳಲ್ಲಿ ಅವು ಹೇಗೆ ತುಂಬಿಕೊಳ್ಳುತ್ತವೆ ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಗೆಳತಿಯ ಅಜ್ಜಿಯ ಮನೆಯ ಅಡಿಕೆ ತೋಟದಂಚಿನಲ್ಲಿ, ಉಂಬಳಗಳಿಂದ ಕಚ್ಚಿಸಿಕೊಳ್ಳುತ್ತಾ ಎರಡು ರಾತ್ರಿ ಕ್ಯಾಮೆರಾ ಇಟ್ಟುಕೊಂಡು ಕುಳಿತೆವು. ಶಿವಮೊಗ್ಗಕ್ಕೆ ಬಂದು ನೋಡಿದರೆ ಪರದೆಯ ತುಂಬ ಕಪ್ಪು, ಕಪ್ಪಿನ ತುಂಬ ಬೂದುಬಣ್ಣದ ಗಿಜಿಗಿಜಿ. ಹುಳು ಯಾವುದು, ಕ್ಯಾಮೆರಾದ ಕಲೆ ಯಾವುದು ಎಂದು ತಿಳಿಯುವಂತಿರಲಿಲ್ಲ.

ಚಿತ್ರಕಲೆಯ ಮೇಷ್ಟ್ರು ಅದನ್ನು ಎರಡು ಸಲ ನೋಡಿ, "ಕ್ಯಾಮೆರಾಕ್ಕೆ ಸಿಗದಿದ್ದರೆ ಕೈಯಲ್ಲಿ ಬಿಡಿಸಿ" ಎಂದರು. ಹಳೆಯ ಕಿಟಕಿಯ ಗಾಜೊಂದನ್ನು ಎರಡು ಸ್ಟೂಲುಗಳ ಮೇಲಿಟ್ಟು ಕೆಳಗೆ ಟ್ಯೂಬ್‌ಲೈಟ್ ಹಚ್ಚಿಕೊಟ್ಟರು, ಅಡಿಯ ಹಾಳೆಯ ಗೆರೆ ಮೇಲಿನ ಹಾಳೆಯಲ್ಲಿ ಕಾಣಲೆಂದು. ಗಾಂಧಿ ಬಜಾರಿನಿಂದ ತಂದ ತೆಳು ಹಾಳೆಗಳಿಗೆ ಪಂಚಿಂಗ್ ಮಷಿನ್ನಿನಲ್ಲಿ ತೂತು ಹೊಡೆದು, ಮರದ ಪಟ್ಟಿಯ ಎರಡು ಗೂಟಗಳಿಗೆ ಸಿಕ್ಕಿಸಿದೆವು. ಹೀಗೆ ಮಾಡಿದರೆ ಒಂದು ಹಾಳೆಯೂ ಕೂದಲೆಳೆಯಷ್ಟು ಜರುಗುವುದಿಲ್ಲ. ನಮ್ಮ ವಿಡಿಯೋ ಸೆಕೆಂಡಿಗೆ 25 ಫ್ರೇಮಿನದು, ಅಂದರೆ ಒಂದು ಸೆಕೆಂಡಿನಲ್ಲಿ 25 ಬಿಡಿ ಚಿತ್ರಗಳು ಸರಿದುಹೋಗುತ್ತವೆ. ಒಂದೊಂದು ಚಿತ್ರವನ್ನು ಎರಡು ಫ್ರೇಮಿನಷ್ಟು ಹೊತ್ತು ನಿಲ್ಲಿಸಿದರೆ ನಾಲ್ಕು ಸೆಕೆಂಡಿಗೆ 50 ಹಾಳೆ ಬೇಕು. ಕರೆಂಟ್ ಹೋದಾಗ ಗಾಜನ್ನು ಕಿಟಕಿಗೆ ಆನಿಸಿ ಹಗಲಿನ ಬೆಳಕಿನಲ್ಲೇ ಗೆರೆ ಎಳೆದೆವು.

ಬಿಳಿ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಬಿಡಿಸಿದ ಕಪ್ಪು ಚುಕ್ಕೆಯನ್ನು ಸ್ಕ್ಯಾನ್ ಮಾಡಿ ನೆಗೆಟಿವ್ ಮಾಡಿದರೆ ಕತ್ತಲಲ್ಲಿ ಬೆಳಕಿನ ಚುಕ್ಕೆ. ಅದಕ್ಕೆ ಹಸಿರುಹಳದಿ ಹಚ್ಚಿ, ಸಂಜೆಗತ್ತಲಲ್ಲಿ ಟ್ರೈಪಾಡಿನ ಮೇಲೆ ತೆಗೆದಿದ್ದ ತೋಟದ ದೃಶ್ಯಕ್ಕೆ 'ಸ್ಕ್ರೀನ್' ವಿಧಾನದಲ್ಲಿ ಹೊದಿಸಿದರೆ ಕಪ್ಪೆಲ್ಲ ಕರಗಿ ಬೆಳಕು ಮಾತ್ರ ಉಳಿಯುತ್ತದೆ. ಅಂಗೈ ಒರೆಸಿದ ಪೆನ್ಸಿಲ್ ಕಲೆಯೂ ಬೆಳಕಾಗಿ, ತೋಟದ ಮೇಲೆ ಮಂಜು ಕವಿದಂತೆ ಕಂಡಿತು. ಅಂದಿನಿಂದ ಕೈಯಡಿಗೆ ಒಂದು ರದ್ದಿ ಕಾಗದ ಇಟ್ಟುಕೊಳ್ಳುವುದು ರೂಢಿಯಾಯಿತು.

ಆದರೂ ಮೊದಲ ಐವತ್ತು ಹಾಳೆಗಳು ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನಂತೆ ಪಕಪಕ ಹೊತ್ತಿ ಆರಿದವು. ಮೇಷ್ಟ್ರು ಕೇಳಿದ್ದು ಇಷ್ಟೇ: "ಹೊತ್ತಿಕೊಳ್ಳಲು ಎಷ್ಟು ಹೊತ್ತು? ಆರಲು ಎಷ್ಟು ಹೊತ್ತು?" ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಶನಿವಾರ ಕ್ಯಾಮೆರಾ ಬಿಟ್ಟು ನೋಟ್‌ಬುಕ್ ಹಿಡಿದು ಮತ್ತೆ ತೀರ್ಥಹಳ್ಳಿ ಬಸ್ಸು ಹತ್ತಿದೆವು. ಒಂದೇ ಹುಳುವಿನ ಮೇಲೆ ಕಣ್ಣು ನೆಟ್ಟು ಕುಳಿತಾಗ ಕಂಡಿತು: ಆ ತೋಟದ ಹುಳುಗಳ ಬೆಳಕು ಚಕ್ಕನೆ ಏರುತ್ತದೆ, ಇಳಿಯುವಾಗ ಮಾತ್ರ ಸಾವಕಾಶ. ಬೆಳಗುತ್ತಲೇ ಹಾರುವುದರಿಂದ ಕತ್ತಲಲ್ಲಿ ಕುಡುಗೋಲಿನ ಬಾಗಿನಂಥ ಸಣ್ಣ ಗೀಟು ಮೂಡುತ್ತದೆ. ಆರಿದ ಮೇಲೆ ಹಾರಾಟ ನಿಲ್ಲುವುದಿಲ್ಲ. ನಾವು ಕಾಯುತ್ತಿದ್ದ ಜಾಗ ಬಿಟ್ಟು ಮೂರು ಮಾರು ಮುಂದೆ ಹೊತ್ತಿಕೊಳ್ಳುತ್ತದೆ. ಮರಳಿ ಬಂದು ಏರುವುದಕ್ಕೆ ಮೂರು ಹಾಳೆ, ಇಳಿಯುವುದಕ್ಕೆ ಏಳು ಹಾಳೆ ಎಂದು ಲೆಕ್ಕ ಹಾಕಿದೆವು. ಕತ್ತಲಿನ ಹಾಳೆಗಳಲ್ಲಿ ಬಿಡಿಸಲು ಏನೂ ಇರಲಿಲ್ಲ, ಆದರೂ ಹುಳು ಈಗ ಎಲ್ಲಿರಬೇಕೆಂದು ಅಂಚಿನಲ್ಲಿ ಗುರುತು ಹಾಕಿಕೊಂಡೆವು. ನನಗೆ ಈಗಲೂ ಆ ಖಾಲಿ ಹಾಳೆಗಳೇ ಹೆಚ್ಚು ಪ್ರೀತಿ.

ಅಡಿಕೆ ಮರದ ಹಿಂದೆ ಹಾದಾಗ ಹುಳು ಮರೆಯಾಗಬೇಕಲ್ಲ? ಅದಕ್ಕಾಗಿ ದೃಶ್ಯದ ಒಂದು ಪ್ರಿಂಟನ್ನು ಎಲ್ಲಕ್ಕಿಂತ ಕೆಳಗಿಟ್ಟು ಕಾಂಡಗಳ ಅಂಚನ್ನು ನಕಲು ತೆಗೆದೆವು. ಅಮೆರಿಕದ ಮ್ಯಾಕ್ಸ್ ಫ್ಲೈಷರ್ 1915ರಲ್ಲಿ ಅರ್ಜಿ ಹಾಕಿ 1917ರಲ್ಲಿ ಪೇಟೆಂಟ್ ಪಡೆದ ರೋಟೋಸ್ಕೋಪಿನದೂ ಇದೇ ಮರ್ಮ ಎಂದು ಮೇಷ್ಟ್ರು ಹೇಳಿದರು: ತೆಗೆದ ಚಿತ್ರವನ್ನು ಒಂದೊಂದೇ ಫ್ರೇಮಿನಂತೆ ಗಾಜಿನ ಮೇಲೆ ಬೀಳಿಸಿ ಗೆರೆ ಎಳೆಯುವುದು. ನೂರು ವರ್ಷದ ಹಿಂದಿನ ಕೆಲಸವೊಂದು ನಮ್ಮ ಕೈಯಲ್ಲೂ ನಡೆಯುತ್ತಿದೆ ಎಂದು ಆ ದಿನ ಮೈ ಜುಮ್ಮೆಂದಿತ್ತು.

ಮುಗಿದ ಮೇಲೆ ಮೊದಲು ತೋರಿಸಿದ್ದು ಅಜ್ಜಿಗೆ. ಕನ್ನಡಕ ಸರಿಪಡಿಸಿಕೊಂಡು ನೋಡಿದ ಅವರು, "ಬಾವಿಕಟ್ಟೆಯ ಹತ್ತಿರ ಇವು ಇನ್ನೂ ಕೆಳಗೆ ಹಾರುತ್ತವಲ್ಲ ಮಕ್ಕಳೇ" ಎಂದರು. ಹನ್ನೊಂದು ಹಾಳೆಗಳನ್ನು ಮತ್ತೆ ಬಿಡಿಸಿದೆವು.

ಆ ಗಾಜು ಇಂದಿಗೂ ಚಿತ್ರಕಲಾ ಕೊಠಡಿಯ ಬೀರುವಿನ ಹಿಂದೆ ಇದೆಯಂತೆ. ಈಗ ಓದುತ್ತಿರುವವರು ಯಾರಾದರೂ ಹೊರತೆಗೆದರೆ, ಬಲಮೂಲೆ ಸೀಳಿದೆ, ಹಾಳೆ ಜೋಡಿಸುವಾಗ ಕೈ ಜೋಪಾನ.