ಕಂಕುಳಿಗೆ ಕೈ ಹಾಕಿ ಎತ್ತಬೇಡಿ

ಕೊಡಗಿನ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ಎಬ್ಬಿಸಬೇಕೆಂದರೆ ಗಟ್ಟಿಮುಟ್ಟಾದ ಇಬ್ಬರು ಎರಡೂ ಕಡೆ ನಿಂತು ಕಂಕುಳಿಗೆ ಕೈ ಕೊಟ್ಟು ಎತ್ತುತ್ತಾರೆ. 50 ಕೆ.ಜಿ. ಕಾಫಿ ಮೂಟೆ ಹೊರುವವರಿಗೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಮೂಟೆ ಹೆದರುವುದಿಲ್ಲ, ನಡುವೆ ಕೊಸರುವುದಿಲ್ಲ, ನಿಮ್ಮ ಕುತ್ತಿಗೆಗೆ ಜೋತು ಬೀಳುವುದಿಲ್ಲ. ಎಲ್ಲ ಅನುಕೂಲವಿದ್ದರೂ ರೋಗಿಯನ್ನು ಕೈಯಲ್ಲಿ ಎತ್ತುವ ಭಾರ 16 ಕೆ.ಜಿ. ದಾಟಬಾರದು ಎಂಬುದು ಅಮೆರಿಕದಲ್ಲಿ ಹಾಕಿಕೊಟ್ಟ ಲೆಕ್ಕ. ನಾನಿರುವ ಬ್ರಿಟನ್ನಿನಲ್ಲಿ 1992ರಿಂದ ನಿಯಮವೇ ಇದೆ: ಅಪಾಯದ ಎತ್ತುವಿಕೆಯನ್ನು ಆದಷ್ಟು ತಪ್ಪಿಸಿ, ತಪ್ಪಿಸಲಾಗದಿದ್ದರೆ ಮೊದಲು ಅಪಾಯವನ್ನು ಅಳೆಯಿರಿ.

ಕಂಕುಳಲ್ಲಿ ಎತ್ತಿದರೆ ಮೈಭಾರವೆಲ್ಲ ಭುಜದ ಕೀಲಿನ ಮೇಲೆ ಬೀಳುತ್ತದೆ. ಲಕ್ವಾ ಹೊಡೆದ ಕಡೆಯ ಭುಜವನ್ನು ಹಿಡಿದಿಡಲು ಸ್ನಾಯುಗಳಲ್ಲಿ ಬಲವಿರುವುದಿಲ್ಲ, ಕೀಲು ಜಾರುತ್ತದೆ. ಆಮೇಲೆ ತಿಂಗಳುಗಟ್ಟಲೆ ನೋವು. ದಯವಿಟ್ಟು ಇದೊಂದನ್ನು ಇಂದೇ ನಿಲ್ಲಿಸಿ.

ಮಂಚದಿಂದ ಕುರ್ಚಿಗೆ ದಾಟಿಸುವಾಗ ಕೈಯಿರುವ ಗಟ್ಟಿ ಕುರ್ಚಿಯನ್ನು ಅವರ ಬಲವಿರುವ ಕಡೆ, ಮಂಚಕ್ಕೆ ಓರೆಯಾಗಿ ಇಡಿ. ಗಾಲಿಕುರ್ಚಿಯಾದರೆ ಬ್ರೇಕ್ ಹಾಕಿ, ಕಾಲು ಇಡುವ ಪಟ್ಟಿ ಸರಿಸಿ. ಎದ್ದು ಕೂತವರನ್ನು ಒಂದೆರಡು ನಿಮಿಷ ಹಾಗೇ ಬಿಡಿ. ಬಹಳ ದಿನ ಮಲಗಿದ್ದವರಿಗೆ ಏಳುವಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಪಾದ ಪೂರ್ತಿ ನೆಲಕ್ಕೂರಿರಬೇಕು. ಮಂಚ ಎತ್ತರವಾದರೆ ಬಡಗಿಯಿಂದ ಕಾಲು ಮೊಟಕು ಮಾಡಿಸಿ. ಮಳೆಗಾಲದ ಉಣ್ಣೆ ಕಾಲುಚೀಲ ಗಾರೆ ನೆಲದಲ್ಲಿ ಜಾರುತ್ತದೆ, ಹಿಮ್ಮಡಿ ಪಟ್ಟಿಯಿರುವ ರಬ್ಬರ್ ತಳದ ಚಪ್ಪಲಿ ಹಾಕಿಸಿ. ಇನ್ನು ಅವರು ಮಂಚದ ಅಂಚಿಗೆ ಸರಿದು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ. ಹಾಗೆ ಬಾಗಿದೊಡನೆ ಪೃಷ್ಠ ತಾನಾಗಿ ಹಗುರವಾಗುತ್ತದೆ. ಅರ್ಧ ಕೆಲಸ ಅಲ್ಲೇ ಮುಗಿಯಿತು. ನೀವು ಬಲವಿಲ್ಲದ ಕಡೆ ನಿಂತು, ಕಾಲು ಅಗಲಿಸಿ, ಮೊಣಕಾಲು ಮಡಿಸಿ, ಅವರ ಸೊಂಟಕ್ಕೆ ಕಟ್ಟಿದ ಅಗಲವಾದ ಬಟ್ಟೆ ಬೆಲ್ಟ್ ಹಿಡಿಯಿರಿ. ಹೊಟ್ಟೆಯ ಆಪರೇಷನ್ ಆದವರಿಗೆ ಬೆಲ್ಟ್ ಬೇಡ. ‘ಒಂದು, ಎರಡು, ಮೂರು’ ಎಂದಾಗ ಅವರೇ ಮಂಚ ಒತ್ತಿ ಏಳಲಿ. ತಿರುಗುವಾಗ ನಿಮ್ಮ ಸೊಂಟ ತಿರುಚಬೇಡಿ, ಪಾದ ಎತ್ತಿಡಿ. ಮೊಣಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗಿದ ಮೇಲೇ ಕೂರಿಸಬೇಕು.

ಜಾರಿದವರನ್ನು ಹಾಸಿಗೆಯಲ್ಲಿ ಮೇಲಕ್ಕೆ ಎಳೆದರೆ ಬೆನ್ನ ಕೆಳಗಿನ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮೂಳೆ ಮಾತ್ರ ಸರಿಯುತ್ತದೆ. ಹುಣ್ಣಿಗೆ ಅದೇ ಬುನಾದಿ. ಜಾರುವ ನೈಲಾನ್ ಬಟ್ಟೆಯನ್ನು ಎರಡು ಪದರ ಮಡಿಸಿ ಮೈಕೆಳಗೆ ಹಾಸಿ, ಎರಡೂ ಕಡೆ ಒಬ್ಬೊಬ್ಬರು ನಿಂತು ಸರಿಸಿ. ಕೆಲಸವಾದ ಕೂಡಲೇ ಬಟ್ಟೆ ತೆಗೆಯಿರಿ, ಇಲ್ಲವಾದರೆ ಅದರ ಮೇಲೆಯೇ ಅವರು ಮಂಚದಿಂದ ಜಾರಿ ಬೀಳುತ್ತಾರೆ.

ನಡೆಸುವಾಗ ಕುಸಿದರೆ ಹಿಡಿದು ನಿಲ್ಲಿಸಲು ಹೋಗಬೇಡಿ. ನಿಮ್ಮ ಒಂದು ಕಾಲನ್ನು ಮುಂದಿಟ್ಟು, ಅದರ ಮೇಲೆ ಅವರನ್ನು ಮೆಲ್ಲಗೆ ನೆಲಕ್ಕಿಳಿಸಿ, ತಲೆ ಕಾಪಾಡಿ. ಬಿದ್ದ ಮೇಲೆ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಎಬ್ಬಿಸದೆ, ಕಂಬಳಿ ಹೊದಿಸಿ, 108ಕ್ಕೆ ಫೋನ್ ಮಾಡಿ.